ಕೈಯಲ್ಲಿ ಮಾಡಿದ ಮರದ ಬಿಲ್ಲಿನ ಬಾಗು ತಿದ್ದುವಾಗ ಅದು ಅಲುಗಾಡದಂತೆ ಹಿಡಿಯುವುದು ಹೇಗೆ?

ಎರಡೂ ಕಡೆ ಒಂದೇ ಸಮ ಬಾಗಲಿ ಅಂತ ಬಿಲ್ಲನ್ನು ಕೀಸುತ್ತಾ, ಹೆದೆ ಎಳೆದು ನೋಡುವಾಗ ಅದು ಒಂದು ಕಡೆ ವಾಲುತ್ತದೆ, ಹಿಡಿಯನ್ನು ಕ್ಲಾಂಪ್ ಹಾಕಿ ಬಿಗಿಯಲೇ ಅಂತ ಕೇಳಿದ್ದೀರಿ. ದಯವಿಟ್ಟು ಬಿಗಿಯಬೇಡಿ. ನನ್ನ ಮೊದಲ ಬಿಲ್ಲು ಮುರಿದಿದ್ದೇ ಅದರಿಂದ.

ಅದು ತಡಸಲು ಮರದ ಬಿಲ್ಲು. ಮಲೆನಾಡಿನವರಿಗೆ ಗೊತ್ತಿರುತ್ತದೆ, ಗಟ್ಟಿ ಮರ, ಆದರೆ ಚೆನ್ನಾಗಿ ಬಳುಕುತ್ತದೆ. ಸಂಸ್ಕೃತದಲ್ಲಿ ಇದಕ್ಕೆ ಧನುರ್ವೃಕ್ಷ ಅಂತಲೇ ಹೆಸರಿದೆ. ಗಾಳಿಗೆ ಬಿದ್ದ ಮರವನ್ನು ಸೀಳಿ, ಒಂದು ವರ್ಷ ಅಟ್ಟದಲ್ಲಿ ಒಣಗಿಸಿ, 66 ಇಂಚಿನ ಬಿಲ್ಲು ಕೆತ್ತಿದ್ದೆ. ಕೊಟ್ಟಿಗೆಯ ಕಂಬಕ್ಕೆ ಹಲಗೆ ಹೊಡೆದು ಅದರ ಮೇಲೆ ಹಿಡಿ ಇಟ್ಟೆ. ಕೆಳಗೆ ಬಾವಿಯ ಹಳೇ ರಾಟೆ. ಹೆದೆಗೆ ಕಟ್ಟಿ ರಾಟೆಯಲ್ಲಿ ಹಾಯಿಸಿದ ಹಗ್ಗ ಎಳೆದರೆ ಪ್ರತಿ ಸಲವೂ ಬಿಲ್ಲಿನ ಬಲತೋಳು, ಅಂದರೆ ಹಿಡಿಯ ಬಲಗಡೆಯ ಅರ್ಧ, ಕೆಳಗೆ ವಾಲುತ್ತಿತ್ತು. ಬೇಜಾರಾಗಿ ಹಿಡಿಗೆ ಬಟ್ಟೆ ಸುತ್ತಿ ಸಿ-ಕ್ಲಾಂಪ್ ಬಿಗಿದೆ. ಅಲುಗಾಟ ನಿಂತಿತು.

ತಪ್ಪಾಗಿದ್ದು ಇಲ್ಲೇ. ಬಟ್ಟೆಯ ಮಡಿಕೆ ಹಿಡಿಯ ಎಡಭಾಗದ ಅಡಿಯಲ್ಲಿ ಸಿಕ್ಕಿಕೊಂಡಿತ್ತು. ಅಬ್ಬಬ್ಬಾ ಅಂದರೆ 2 ಮಿಲಿಮೀಟರ್. ಹಿಡಿಯ ಹತ್ತಿರ ಅದು ಕಣ್ಣಿಗೇ ಬೀಳುವುದಿಲ್ಲ. ಆದರೆ ತುದಿ ಅಲ್ಲಿಂದ 33 ಇಂಚು ದೂರ, ಅಲ್ವಾ? ಅಲ್ಲಿ ಅರ್ಧ ಇಂಚಿಗಿಂತ ಜಾಸ್ತಿ ಮೇಲೆ ನಿಂತಿತ್ತು. ಎಡತೋಳು ಬಾಗುತ್ತಿಲ್ಲ, ಅದೇ ಬಿರುಸು ಅಂದುಕೊಂಡು ಅದರ ಹೊಟ್ಟೆಯ ಭಾಗವನ್ನು, ಅಂದರೆ ಎಳೆಯುವವನ ಕಡೆಗಿರುವ ಮೈಯನ್ನು, ಗಾಜಿನ ಚೂರಿನಿಂದ ಕೀಸಿದೆ. ಎರಡೂ ತುದಿ ಮಟ್ಟಕ್ಕೆ ಬರುವವರೆಗೂ ಕೀಸಿದೆ. ನಿಜಕ್ಕೂ ಬಿರುಸಾಗಿದ್ದದ್ದು ಬಲತೋಳು. ಬಿರುಸು ತೋಳು ಬಾಗದೆ ಇಡೀ ಬಿಲ್ಲನ್ನೇ ತನ್ನ ಕಡೆ ತಿರುಗಿಸುತ್ತದೆ. ಬಿಲ್ಲು ವಾಲಿ ವಾಲಿ ಅದನ್ನೇ ಹೇಳುತ್ತಿತ್ತು, ನಾನು ಅದರ ಬಾಯಿ ಕಟ್ಟಿ ಮೊದಲೇ ಸೋತಿದ್ದ ತೋಳನ್ನು ಇನ್ನಷ್ಟು ತೆಳ್ಳಗೆ ಮಾಡಿದೆ. ಕೈಯಲ್ಲಿ ಹಿಡಿದು ಎಳೆದಾಗ ಎಡತೋಳಿನ ಹೊಟ್ಟೆಯಲ್ಲಿ, ಮೊಣಕೈ ಚರ್ಮದ ಮೇಲಿರುತ್ತದಲ್ಲ, ಅಂಥ ಸಣ್ಣ ಅಡ್ಡ ಸುಕ್ಕುಗಳು ಕಂಡವು. 24 ಇಂಚಿಗೆ ಎಳೆಯುವಷ್ಟರಲ್ಲಿ ಅಲ್ಲೇ ಮುರಿಯಿತು. ಒಂದು ವರ್ಷ ಕಾದು ಒಣಗಿಸಿದ ಮರ.

ಹಾಗಾಗಿ ವಾಲಲು ಬಿಡಿ. ಹಲಗೆಯ ಮೇಲೆ ಅಂಗೈ ಅಗಲಕ್ಕೆ ಸಣ್ಣ ತಗ್ಗು ಕೆತ್ತಿ, ಸೈಕಲ್ ಟ್ಯೂಬಿನ ತುಂಡು ಹಾಸಿ. ಬಿಲ್ಲು ಜಾರಬಾರದು, ತೂಗಲು ಮಾತ್ರ ಜಾಗ ಇರಬೇಕು. ಎಗರಿ ಬೀಳದ ಹಾಗೆ ಹಿಡಿಯ ಮೇಲೆ ಸಡಿಲವಾದ ಹಗ್ಗದ ಕುಣಿಕೆ ಸಾಕು. ಬಾಣ ಬಿಡುವಾಗ ಹೆದೆಯ ಮೇಲೆ ನಿಮ್ಮ ಬೆರಳು ಎಲ್ಲಿರುತ್ತದೋ ಅಲ್ಲೇ ಕೊಕ್ಕೆ ಹಾಕಿ, ರಾಟೆ ಅದರ ನೇರ ಕೆಳಗಿರಲಿ. ನೀವು ಪಕ್ಕಕ್ಕೆ ದೂರ ನಿಂತು ಎಳೆಯಿರಿ.

ಕೀಸುವ ಮೊದಲು ಬಿಲ್ಲನ್ನು ಎಡಬಲ ತಿರುಗಿಸಿ ಇಟ್ಟು ಇನ್ನೊಮ್ಮೆ ಎಳೆದು ನೋಡಿ. ಮೊದಲು ವಾಲಿದ ತೋಳೇ ಈಗಲೂ ವಾಲಿದರೆ ಬಿರುಸು ಅದರಲ್ಲಿದೆ. ಬೇರೆ ತೋಳು ವಾಲಿದರೆ ನಿಮ್ಮ ಹಲಗೆಯೇ ಸೊಟ್ಟ. ನಾನು ಇದೊಂದು ಮಾಡಿದ್ದರೂ ಬಿಲ್ಲು ಉಳಿಯುತ್ತಿತ್ತು. ಪ್ರತಿ ಸಲ ಕೀಸಿದ ಮೇಲೆ 20-30 ಸಲ ಮೆಲ್ಲಗೆ ಎಳೆದು ಬಿಟ್ಟು, ಆಮೇಲೆ ನೋಡಿ. ಹೊಸ ಬಾಗು ಆಗಲೇ ಸರಿಯಾಗಿ ಕಾಣುವುದು.

ಕಚ್ಚು ಕೊರೆದ ಕೋಲಿಗೆ ಹೆದೆ ಸಿಕ್ಕಿಸಿ ಬಿಲ್ಲನ್ನು ಎಳೆದೇ ಇಡುವ ಪದ್ಧತಿಯೂ ಇದೆ. ನನಗೆ ಅದು ಇಷ್ಟವಿಲ್ಲ. ನೋಡುತ್ತಾ ನಿಂತರೆ ಹೊತ್ತು ಹೋಗುವುದು ಗೊತ್ತಾಗುವುದಿಲ್ಲ, ಅಷ್ಟರಲ್ಲಿ ಬಿಲ್ಲು ಬಾಗಿದ ಹಾಗೇ ಕೂತುಬಿಡುತ್ತದೆ.

ಇವತ್ತು ಕ್ಲಾಂಪ್ ಬಿಚ್ಚಿ, ನಾಲ್ಕು ಸಲ ಎಳೆಯಿರಿ. ವಾಲಿದ ತೋಳಿನ ಮೇಲೆ ಪೆನ್ಸಿಲ್ ಗುರುತು ಹಾಕಿ. ಗಾಜಿನ ಚೂರು ನಾಳೆ ಕೈಗೆತ್ತಿಕೊಂಡರಾಯಿತು.