ಬಂದೂಕಿನ ಬಾಯಿಗೆ ಕೊಳವೆ ಏಕೆ?

ಮುಧೋಳ ತಾಲ್ಲೂಕಿನಲ್ಲಿ ಘಟಪ್ರಭೆಯ ದಂಡೆಯ ಮೇಲಿರುವ ಊರೊಂದರ ಓದುಗರು, ತಮ್ಮ ಹೆಸರನ್ನು ಅಚ್ಚು ಹಾಕಬಾರದೆಂಬ ಸೂಚನೆಯೊಡನೆ, ಹೀಗೆ ಬರೆದಿದ್ದಾರೆ:

“ನಮ್ಮ ಅಳಿಯಂದಿರು ನ್ಯೂಜಿಲೆಂಡ್‌ನಲ್ಲಿದ್ದಾರೆ. ನೆರೆಯ ರೈತನ ಜೊತೆ ಜಿಂಕೆ ಬೇಟೆಗೆ ಹೋದಾಗಿನ ಫೋಟೋ ಕಳಿಸಿದ್ದರು. ಆ ರೈತನ ಬಂದೂಕಿನ ತುದಿಗೆ ಗೇಣುದ್ದದ ಕರಿಯ ಕೊಳವೆಯೊಂದಿತ್ತು. ಕೇಳಿದರೆ ಸೈಲೆನ್ಸರ್ ಎಂದರು. ಸಿನಿಮಾದಲ್ಲಿ ಸುಪಾರಿ ಪಡೆದವರು ಬಳಸುವ ಸಾಮಾನು ಮರ್ಯಾದಸ್ಥ ರೈತನ ಕೈಯಲ್ಲೇಕೆ? ಕದ್ದು ಹೊಡೆಯುವುದಕ್ಕಲ್ಲದೆ ಇನ್ನಾವುದಕ್ಕೆ ಅದು ಬೇಕು? ಹಾಗೆಯೇ, ನಮ್ಮ ಕಬ್ಬಿಗೆ ಬೀಳುವ ಅಡವಿ ಹಂದಿಗಳ ಕಾಟಕ್ಕೆ ಅದು ಇಲ್ಲಿಯೂ ಸಿಕ್ಕೀತೆ?”

ಮಾನ್ಯರೇ,

ನಿಮ್ಮ ಸಂಶಯಕ್ಕೆ ಅರ್ಧ ಕಾರಣ ಆ ಹೆಸರು, ಇನ್ನರ್ಧ ಕಾರಣ ಸಿನಿಮಾ. ತೆರೆಯ ಮೇಲೆ ಖಳನು ಪಿಸ್ತೂಲಿಗೆ ಕೊಳವೆ ತಿರುಗಿಸಿ ಕುದುರೆ ಎಳೆದರೆ ಸೈಕಲ್ಲಿನ ಗಾಳಿ ಬಿಟ್ಟಷ್ಟೇ ಸದ್ದು ಬರುತ್ತದೆ, ಪಕ್ಕದ ಕೋಣೆಯವರು ಮಗ್ಗುಲು ಕೂಡ ಬದಲಿಸುವುದಿಲ್ಲ. ನಿಜವಾದ ಬೇಟೆಯ ರೈಫಲ್ಲಿಗೆ ಅದೇ ಕೊಳವೆ ಹಾಕಿ ಹೊಡೆದರೆ ಆ ಓಣಿಯ ನಾಯಿಗಳೆಲ್ಲ ಎದ್ದು ಬೊಗಳುವಷ್ಟು ಸದ್ದು ಉಳಿದೇ ಉಳಿಯುತ್ತದೆ. ಆದ್ದರಿಂದಲೇ ಬಲ್ಲವರು ಅದನ್ನು ಸಪ್ರೆಸರ್ ಎಂದೂ, ಬ್ರಿಟನ್ನಿನವರು ಮಾಡರೇಟರ್ ಎಂದೂ ಕರೆಯುತ್ತಾರೆ. ಅದು ಸದ್ದನ್ನು ತಗ್ಗಿಸುತ್ತದೆಯೇ ಹೊರತು ಇಲ್ಲವಾಗಿಸುವುದಿಲ್ಲ.

ಅದರ ಕೆಲಸ ನಿಮಗೆ ಹೊಸತೇನಲ್ಲ. ನೀರೆತ್ತುವ ಡೀಸೆಲ್ ಎಂಜಿನ್ನಿನ ಸೈಲೆನ್ಸರ್ ಸಡಿಲಾಗಿ ಕಳಚಿ ಬಿದ್ದ ದಿನ ಹೊಲದ ತುಂಬ ಎಂಥ ಸದ್ದೆದ್ದಿತ್ತೆಂಬುದನ್ನು ನೆನಪಿಸಿಕೊಳ್ಳಿ. ಬಂದೂಕಿನಲ್ಲಿ ಮದ್ದು ಉರಿದು ಹುಟ್ಟುವ ಬಿಸಿ ಅನಿಲವು ಗುಂಡನ್ನು ದಬ್ಬುತ್ತ ಬಂದು, ಗುಂಡು ನಳಿಗೆಯ ಬಾಯಿ ದಾಟಿದ ಕ್ಷಣದಲ್ಲಿ ಹೊರಗಿನ ಗಾಳಿಗೆ ಒಮ್ಮೆಗೇ ಅಪ್ಪಳಿಸುತ್ತದೆ. ನಾವು ಢಂ ಎಂದು ಕೇಳುವುದು ಮುಖ್ಯವಾಗಿ ಅದನ್ನು. ಕೊಳವೆಯೊಳಗೆ ಒಂದರ ಹಿಂದೊಂದರಂತೆ, ನಡುವೆ ಗುಂಡು ಹಾಯುವಷ್ಟೇ ತೂತಿರುವ ಲೋಹದ ತಡೆತಟ್ಟೆಗಳಿರುತ್ತವೆ. ಗುಂಡು ನೆಟ್ಟಗೆ ಹಾದುಹೋಗುತ್ತದೆ. ಅನಿಲ ಮಾತ್ರ ಆ ಖಾನೆಗಳಲ್ಲಿ ಸುತ್ತಿ, ಹಿಗ್ಗಿ, ತಣಿದು, ತಡವಾಗಿ ಹೊರಬೀಳುತ್ತದೆ. ಕುಕ್ಕರಿನ ಆವಿಯನ್ನು ಸೀಟಿ ಎತ್ತಿ ಒಮ್ಮೆಲೇ ಬಿಡುವುದಕ್ಕೂ ಒಲೆಯಿಂದಿಳಿಸಿ ತಾನಾಗಿ ಇಳಿಯಗೊಡುವುದಕ್ಕೂ ಇರುವ ವ್ಯತ್ಯಾಸವೇ ಇದು.

ಆದರೆ ಗುಂಡಿಗೆ ತನ್ನದೇ ಇನ್ನೊಂದು ಸದ್ದಿದೆ. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ಜಿಂಕೆ ಬೇಟೆಯ ಸಾಮಾನ್ಯ ರೈಫಲ್ಲಿನ ಗುಂಡು 800 ಮೀಟರಿನ ಆಸುಪಾಸಿನಲ್ಲಿ ಓಡುತ್ತದೆ. ಶಬ್ದವನ್ನು ಹಿಂದೆ ಹಾಕಿದ ವಸ್ತು ಗಾಳಿಯನ್ನು ಸೀಳಿ ಚಟೀರೆನ್ನಿಸುತ್ತದೆ. ಬಾರಕೋಲಿನ ತುದಿ ಎತ್ತಿನ ಮೈ ಮುಟ್ಟದೆ ಗಾಳಿಯಲ್ಲೇ ಚಟ್ಟೆನ್ನುವುದೂ ಇದೇ ಕಾರಣಕ್ಕೆ. ಆ ತುದಿಯು ಕ್ಷಣಮಾತ್ರ ಶಬ್ದಕ್ಕಿಂತ ಮುಂದೆ ಓಡಿರುತ್ತದೆ. ಈ ಚಟೀರು ಗುಂಡಿನ ದಾರಿಯುದ್ದಕ್ಕೂ ಹುಟ್ಟುವುದರಿಂದ ಯಾವ ಕೊಳವೆಯೂ ಅದನ್ನು ತಡೆಯಲಾರದು. ತಡೆಯಬೇಕೆಂದರೆ ನಿಧಾನವಾಗಿ ಓಡುವ ತೋಟಾಗಳನ್ನೇ ಹಾಕಬೇಕು, ಅವುಗಳಿಗೆ ದೂರದ ದೊಡ್ಡ ಪ್ರಾಣಿಯನ್ನು ಒಂದೇ ಏಟಿಗೆ ಕೆಡಹುವ ಕಸುವಿರುವುದಿಲ್ಲ.

ಹಾಗಿದ್ದರೆ ಆ ರೈತ ಅದನ್ನೇಕೆ ಹೊರುತ್ತಾನೆ? ಮೊದಲನೆಯದಾಗಿ ಮತ್ತು ಮುಖ್ಯವಾಗಿ, ಕಿವಿಗಾಗಿ. ದೊಡ್ಡ ರೈಫಲ್ಲಿನ ಸದ್ದು ಹೊಡೆಯುವವನ ಕಿವಿಯ ಬಳಿ 160 ಡೆಸಿಬಲ್ಲಿನ ಆಚೀಚೆ ಇರುತ್ತದೆ. ಇಂಥ ಹಠಾತ್ ಸದ್ದಿಗೆ 140 ಡೆಸಿಬಲ್ ಎಂಬುದು ಸುರಕ್ಷತೆಯ ಮೇರೆಯೆಂದು ತಜ್ಞರು ಗುರುತಿಸಿದ್ದಾರೆ. ನಮ್ಮ ಕಾನೂನು ದೀಪಾವಳಿಯ ಪಟಾಕಿಗೆ ನಾಲ್ಕು ಮೀಟರ್ ದೂರದಲ್ಲಿ ಅಳೆದು ಹಾಕಿರುವ ಗರಿಷ್ಠ ಮಿತಿಯೇ 145 ಡೆಸಿಬಲ್. ಒಳ್ಳೆಯ ಸಪ್ರೆಸರ್ 20ರಿಂದ 35 ಡೆಸಿಬಲ್ ಇಳಿಸುತ್ತದೆ. 160ರಲ್ಲಿ 30 ಕಳೆದರೆ ಏನು ಮಹಾ ಎನಿಸಬಹುದು. ಆದರೆ ಡೆಸಿಬಲ್ಲಿನ ಲೆಕ್ಕ ಮೊಳ-ಗೇಣಿನ ಲೆಕ್ಕವಲ್ಲ. ಪ್ರತಿ ಹತ್ತು ಇಳಿದಾಗಲೂ ಸದ್ದಿನ ಶಕ್ತಿ ಹತ್ತನೆಯ ಒಂದು ಪಾಲಾಗುತ್ತದೆ, ಅಂದರೆ ಮೂವತ್ತು ಇಳಿದರೆ ಸಾವಿರದಲ್ಲೊಂದು ಪಾಲು. ಇಷ್ಟಾದರೂ ಉಳಿಯುವ ಸದ್ದು ಕಡಿಮೆಯದೇನಲ್ಲವಾದ್ದರಿಂದ, ಎಚ್ಚರವುಳ್ಳವರು ಕೊಳವೆಯ ಜೊತೆಗೆ ಕಿವಿಗೂ ರಕ್ಷಣೆ ಹಾಕಿಕೊಳ್ಳುತ್ತಾರೆ.

ಕಿವಿಗೆ ಬಿರಡೆ ಹಾಕಿಕೊಂಡರೆ ಸಾಲದೇ ಎಂದು ಕೇಳಬಹುದು. ಗುರಿ ಅಭ್ಯಾಸದ ಮೈದಾನದಲ್ಲಿ ಸಾಕು. ಬೇಟೆಗಾರನ ಕಷ್ಟ ಬೇರೆ; ತರಗೆಲೆಯ ಸದ್ದು, ಜೊತೆಗಾರನ ಪಿಸುಮಾತು, ದೂರದ ಕೊಂಬೆಯೊಂದು ಮುರಿದದ್ದು ಎಲ್ಲವೂ ಅವನಿಗೆ ಕೇಳಬೇಕು. ಜೊತೆಗೆ ಬಂದ ನಾಯಿಗಂತೂ ಬಿರಡೆಯ ಮಾತೇ ಇಲ್ಲ. ನಮ್ಮ ಮುಧೋಳ ನಾಯಿ ಕಣ್ಣಿನಿಂದ ಬೇಟೆ ಹಿಡಿದು ಕಾಲಿನಿಂದ ಗೆಲ್ಲುವ ಜಾತಿ, ಅದಕ್ಕೆ ಬಂದೂಕಿನ ಸಂಗಡ ಅಷ್ಟಾಗಿ ಬೇಕಿರಲಿಲ್ಲ. ಯುರೋಪಿನ ಬೇಟೆನಾಯಿ ಯಜಮಾನನ ಮೊಣಕಾಲಿನ ಬಳಿಯೇ, ನಳಿಗೆಯಿಂದ ಒಂದೆರಡು ಮಾರು ದೂರದಲ್ಲಿ ಕುಳಿತು ಪ್ರತಿ ಈಡಿನ ಏಟನ್ನೂ ಕಿವಿಯ ಮೇಲೆಯೇ ತೆಗೆದುಕೊಳ್ಳುತ್ತದೆ.

ಕಿವಿಯ ಬಗ್ಗೆ ಇಷ್ಟು ಬರೆಯಲು ನನಗೊಂದು ಸ್ವಂತ ಕಾರಣವೂ ಇದೆ. ಕಾಲೇಜಿನ ದಿನಗಳಲ್ಲಿ ಎನ್‌ಸಿಸಿ ಶಿಬಿರವೊಂದರಲ್ಲಿ ನಮಗೆ .303 ರೈಫಲ್ಲಿನಿಂದ ಕೆಲವು ಸುತ್ತು ಹೊಡೆಯಲು ಕೊಟ್ಟಿದ್ದರು. ಕಿವಿಗೆ ಹತ್ತಿ ಇಟ್ಟುಕೊಂಡವರನ್ನು ಹುಡುಗರು ನಕ್ಕದ್ದರಿಂದ ನಾನು ಇಟ್ಟುಕೊಳ್ಳಲಿಲ್ಲ. ಎರಡು ದಿನ ತಲೆಯೊಳಗೆ ಗುಂಯ್ ಎನ್ನುತ್ತಿತ್ತು, ಆಮೇಲೆ ಮರೆತೆ. ಬಹಳ ವರ್ಷಗಳ ನಂತರ ಬಾಗಲಕೋಟೆಯಲ್ಲಿ ವೈದ್ಯರೊಬ್ಬರು ನನ್ನ ಶ್ರವಣ ಪರೀಕ್ಷೆಯ ಹಾಳೆಯಲ್ಲಿ 4000 ಹರ್ಟ್ಸಿನ ಬಳಿ ಗೆರೆ ದೊಪ್ಪನೆ ಕುಸಿದಿದ್ದ ಜಾಗಕ್ಕೆ ಪೆನ್ನು ಊರಿ, “ಬಂದೂಕು ಹೊಡೆದಿದ್ದಿರೇನು?” ಎಂದು ಕೇಳಿದರು. ಕುಸಿತ ಎಡಗಿವಿಯಲ್ಲಿ ಹೆಚ್ಚಿತ್ತು. ಬಲಭುಜಕ್ಕೆ ಬಂದೂಕು ಆನಿಸಿದವನ ಎಡಗಿವಿ ನಳಿಗೆಯ ಕಡೆಗೆ ತಿರುಗಿರುತ್ತದೆ, ಬಲಗಿವಿ ತಲೆಯ ಮರೆಯಲ್ಲಿರುತ್ತದೆ. ಕೆಲವು ಸುತ್ತಿನಿಂದಲೇ ಹೀಗಾಯಿತೆಂದು ನಾನು ಪ್ರಮಾಣ ಮಾಡಲಾರೆ, ಮುದ್ರಣಾಲಯದ ಯಂತ್ರಗಳ ಪಾಲೂ ಇರಬಹುದು. ಮಳೆಗಾಲದ ರಾತ್ರಿ ಮಗ್ಗುಲಾದಾಗ, ಬಲಗಿವಿ ದಿಂಬಿಗೆ ತಾಗಿತೆಂದರೆ ನನ್ನ ಪಾಲಿಗೆ ಜೀರುಂಡೆಗಳು ಸುಮ್ಮನಾಗುತ್ತವೆ.

ಎರಡನೆಯ ಕಾರಣ ಗುರಿ. ದೊಡ್ಡ ಸದ್ದು ಮತ್ತು ಭುಜದ ಒದೆತಕ್ಕೆ ಅಂಜಿದ ಕೈ, ಕುದುರೆ ಎಳೆಯುವ ಮೊದಲೇ ಬೆದರುತ್ತದೆ, ಕಣ್ಣು ಮುಚ್ಚುತ್ತದೆ. ಗುಂಡು ಎದೆಗೆ ಬೀಳುವ ಬದಲು ಹೊಟ್ಟೆಗೆ ಬಿದ್ದು, ಪ್ರಾಣಿ ಗಾಯದೊಡನೆ ಓಡಿ ಎಲ್ಲೋ ನರಳಿ ಸಾಯುತ್ತದೆ. ಕೊಳವೆಯು ಸದ್ದಿನ ಜೊತೆ ಒದೆತವನ್ನೂ ತಗ್ಗಿಸುತ್ತದೆ. ನಳಿಗೆಯ ಬಾಯಿಯ ಬೆಂಕಿ ಅಡಗುವುದರಿಂದ ಮುಸ್ಸಂಜೆಯಲ್ಲಿ ಕಣ್ಣು ಕೋರೈಸುವುದಿಲ್ಲ. ತೊಂದರೆಗಳೂ ಇವೆ, ನಳಿಗೆ ಗೇಣುದ್ದ ಬೆಳೆಯುತ್ತದೆ, ತುದಿಗೆ ಅರ್ಧ ಕಿಲೋದಷ್ಟು ಭಾರ ಬೀಳುತ್ತದೆ, ಕೊಳವೆ ಹಾಕಿದಾಗ ಗುಂಡು ಬೀಳುವ ಜಾಗ ತುಸು ಸರಿಯುವುದರಿಂದ ಹೊಸದಾಗಿ ಗುರಿ ಹೊಂದಿಸಿಕೊಳ್ಳಬೇಕಾಗುತ್ತದೆ.

ಇದರ ಹುಟ್ಟಿನಲ್ಲೊಂದು ವಿಚಿತ್ರವಿದೆ. 1884ರಲ್ಲಿ ಮಷಿನ್ ಗನ್ ಮಾಡಿದ ಹೀರಮ್ ಮ್ಯಾಕ್ಸಿಮ್ ತನ್ನ ಬಂದೂಕುಗಳ ಸದ್ದಿನಿಂದಲೇ ಕಿವುಡನಾದ. ಅವನ ಮಗ ಹೀರಮ್ ಪರ್ಸಿ ಮ್ಯಾಕ್ಸಿಮ್ 1909ರಲ್ಲಿ ಸೈಲೆನ್ಸರಿಗೆ ಪೇಟೆಂಟ್ ಪಡೆದ. ಎಂಜಿನ್ನುಗಳ ಸದ್ದಡಗಿಸುವ ಕೆಲಸಕ್ಕೂ ಕೈ ಹಾಕಿದವನು ಅವನೇ. ಸೈಲೆನ್ಸರ್ ಎಂಬ ಹೆಸರು ಮಾರಾಟಕ್ಕಾಗಿ ಅವನು ಇಟ್ಟದ್ದು. ಆ ಉತ್ಪ್ರೇಕ್ಷೆಯನ್ನು ಸಿನಿಮಾದವರು ನಂಬಿದರು, ಕಾನೂನು ಮಾಡುವವರೂ ಸ್ವಲ್ಪಮಟ್ಟಿಗೆ ನಂಬಿದರೆಂದು ನನ್ನ ಅನಿಸಿಕೆ. ಅಮೆರಿಕ 1934ರಲ್ಲಿ ಅದರ ಮೇಲೆ, ವಸ್ತುವಿನ ಬೆಲೆಗಿಂತ ಎಷ್ಟೋ ಪಟ್ಟು ಹೆಚ್ಚಾಗುವ 200 ಡಾಲರ್ ತೆರಿಗೆ ಹೇರಿತು. ಬೇಟೆ ಹಳ್ಳಿಗರ ರೂಢಿಯಾಗಿರುವ ನಾರ್ವೆ, ಫಿನ್ಲೆಂಡ್‌ಗಳಲ್ಲಿ ಅದು ಸಾಮಾನ್ಯ ಸಾಮಾನು. ಜರ್ಮನಿ 2020ರಲ್ಲಿ ಪರವಾನಗಿಯುಳ್ಳ ಬೇಟೆಗಾರರಿಗೆ ಅದರ ಹಾದಿ ಸುಗಮಗೊಳಿಸಿತು. ನ್ಯೂಜಿಲೆಂಡಿನ ಜಿಂಕೆಗಳು ಹೊರಗಿನಿಂದ ತಂದು ಬಿಟ್ಟವು, ಅಲ್ಲಿ ಅವಕ್ಕೆ ಸಹಜ ಶತ್ರುವಿಲ್ಲ, ಕಾಡನ್ನು ಮೇಯ್ದು ಹಾಳುಗೆಡಹುವ ಪಿಡುಗೆಂದೇ ಅವನ್ನು ಹೊಡೆಯುತ್ತಾರೆ. ನೆರೆಹೊರೆಯ ನಿದ್ದೆಗೆಡಿಸದೆ, ಹಸುಗಳನ್ನು ಬೆದರಿಸದೆ ಹೊಡೆಯುವುದು ಅಲ್ಲಿ ಸೌಜನ್ಯ.

ಕದ್ದು ಹೊಡೆಯುವವನಿಗೂ ಇದು ಅನುಕೂಲವೆಂಬ ನಿಮ್ಮ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಬಾಯಿಯ ಢಂ ಅಡಗಿ ಬರಿಯ ಚಟೀರು ಉಳಿದಾಗ ಅದು ಎತ್ತಲಿಂದ ಬಂತೆಂದು ಪ್ರಾಣಿಗೂ ತಿಳಿಯದು, ಅರಣ್ಯ ರಕ್ಷಕನಿಗೂ ತಿಳಿಯದು. ಯಡಹಳ್ಳಿಯ ಚಿಂಕಾರ ಧಾಮ ನಿಮಗೆ ದೂರವಿಲ್ಲ. ಅಲ್ಲಿ ರಾತ್ರಿ ಹೊತ್ತು ಈಡಿನ ಸದ್ದು ಕೇಳುವುದು ಕಾಯುವವರ ಪಾಲಿಗೆ ಒಂದು ಸಾಕ್ಷಿ. ಪರವಾನಗಿ ಕೊಟ್ಟು ಬೇಟೆಯಾಡಿಸುವ ದೇಶಕ್ಕೆ ಸಲ್ಲುವ ಲೆಕ್ಕ, 1972ರ ವನ್ಯಜೀವಿ ಕಾಯ್ದೆಯಿಂದ ಬೇಟೆಯನ್ನೇ ನಿಷೇಧಿಸಿರುವ ನಮ್ಮ ದೇಶಕ್ಕೆ ಹಾಗೆಯೇ ಸಲ್ಲುವುದಿಲ್ಲ.

ಆದ್ದರಿಂದ ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರ ಚಿಕ್ಕದು: ಸಿಕ್ಕದು, ಹುಡುಕಲೂ ಹೋಗಬೇಡಿ. 1959ರ ಶಸ್ತ್ರಾಸ್ತ್ರ ಕಾಯ್ದೆಯಡಿಯ ನಿಯಮಗಳು, ಸದ್ದನ್ನಾಗಲಿ ಬೆಂಕಿಯನ್ನಾಗಲಿ ತಗ್ಗಿಸುವ ಉಪಕರಣಗಳನ್ನು ನಿಷೇಧಿತ ಶಸ್ತ್ರಗಳ ಜೊತೆಗೆ ಮೊದಲ ವರ್ಗದಲ್ಲಿಯೇ ಇಟ್ಟಿವೆ. ಪೈಪು ಕೊರೆದು ಮಾಡಿಕೊಡುತ್ತೇನೆಂದು ಯಾರಾದರೂ ಲೇಥಿನವರು ಹೇಳಿದರೆ ಅವರೂ ನೀವೂ ಕೂಡಿಯೇ ಠಾಣೆ ನೋಡಬೇಕಾದೀತು. 1857ರಲ್ಲಿ ಇಂಗ್ಲಿಷರ ನಿಶ್ಶಸ್ತ್ರೀಕರಣದ ಕಾನೂನಿಗೆ ಹಲಗಲಿಯ ಬೇಡರು ಎದ್ದುನಿಂತ ನೆಲದವರಿಗೆ ನಾನು ಪರವಾನಗಿಯ ಪಾಠ ಹೇಳುವುದು ತುಸು ಸಂಕೋಚದ ಕೆಲಸವೇ.

ಇನ್ನೊಂದು ಮಾತು. ಬೆಳೆ ರಕ್ಷಣೆಗೆಂದು ಜಿಲ್ಲಾಧಿಕಾರಿಗಳಿಂದ ಪರವಾನಗಿ ಪಡೆದು, ಚುನಾವಣೆ ಬಂದಾಗಲೆಲ್ಲ ಠಾಣೆಗೊಪ್ಪಿಸಿ, ಮತ್ತೆ ತಂದು ಗೂಟಕ್ಕೆ ತೂಗುಹಾಕುವ ನಮ್ಮ ಕಡೆಯ ಬಂದೂಕು ಹಂದಿಯನ್ನು ಕೊಲ್ಲುವುದಕ್ಕಲ್ಲ, ಸಂಬಂಧಪಟ್ಟ ಅಧಿಕಾರಿಯ ಅನುಮತಿಯಿಲ್ಲದೆ ಕೊಲ್ಲುವಂತೆಯೂ ಇಲ್ಲ. ಮಂಚಿಕೆಯ ಮೇಲಿಂದ ಆಕಾಶದತ್ತ ಒಂದು ಈಡು ಹಾರಿಸಿ ಹಿಂಡನ್ನು ಹೊಳೆಯ ಕಡೆಗೆ ಓಡಿಸುವುದು ಅದರ ಕೆಲಸ. ಅದು ಮಾಡುವ ಕೆಲಸವನ್ನೆಲ್ಲ ಸದ್ದೇ ಮಾಡುತ್ತದೆ. ಅದರ ಬಾಯಿಗೆ ಕೊಳವೆ ಹಾಕಿದರೆ ನಿಮ್ಮ ಕಬ್ಬನ್ನು ಹಂದಿಗಳು ನೆಮ್ಮದಿಯಿಂದ ತಿಂದಾವು. ಹಾರಿಸುವ ಮೊದಲು ಎರಡೂ ಕಿವಿಗೆ ಬಿರಡೆ ಇಟ್ಟುಕೊಳ್ಳಿ, ಪಕ್ಕದಲ್ಲಿ ಬ್ಯಾಟರಿ ಹಿಡಿದು ನಿಂತ ಹುಡುಗನಿಗೂ ಇಡಿಸಿ, ಅವನನ್ನು ನಳಿಗೆಯ ಬಾಯಿಗಿಂತ ನಾಲ್ಕು ಹೆಜ್ಜೆ ಹಿಂದೆ ನಿಲ್ಲಿಸಿ.

— ಸಂಪಾದಕ