ದಿನಕ್ಕೆ 14 ಗಂಟೆ ಓದುವವರು ಮೆಡಿಕಲ್‌ನಲ್ಲಿ ಮುಂದೆ ಬರುತ್ತಾರಾ?

ಬಳ್ಳಾರಿಯಿಂದ ಮಂಗಳೂರಿನ ಕಸ್ತೂರ್ಬಾ ಮೆಡಿಕಲ್ ಕಾಲೇಜಿಗೆ (ಕೆಎಂಸಿ) ಬರುತ್ತಿದ್ದೀರಿ. ಪಿಯುಸಿಯಲ್ಲಿ ಕಾಲೇಜಿಗೇ ಮೊದಲು. ಮಾತು ಕಮ್ಮಿ, ರೂಮಿನಲ್ಲಿ ಒಬ್ಬರೇ ಕೂತು 14 ಗಂಟೆ ಓದುವ ಅಭ್ಯಾಸ. ಇಂಥ ದೊಡ್ಡ ಕಾಲೇಜಿನಲ್ಲಿ ಮಿಂಚಲು ಇಷ್ಟು ಸಾಕಾ ಅಂತ ಕೇಳಿದ್ದೀರಿ. 18ನೇ ವಯಸ್ಸಿನಲ್ಲಿ ನಾನೂ ಹೀಗೇ ಇದ್ದೆ. ಅದಕ್ಕೇ ಬರೆಯುತ್ತಿದ್ದೇನೆ.

2011ರಲ್ಲಿ ಸಿಇಟಿ ಸೀಟು ಸಿಕ್ಕಿ ಮಂಗಳೂರಿನ ಒಂದು ಮೆಡಿಕಲ್ ಕಾಲೇಜಿಗೆ ಸೇರಿದೆ. ಬಂದ ವಾರವೇ ನಾಲ್ಕು ಬಣ್ಣದ ಪೆನ್ನು, ದಪ್ಪ ನೋಟ್‌ಬುಕ್ ತಂದೆ. ಅನಾಟಮಿಗೆ, ಅಂದರೆ ದೇಹರಚನೆಯ ಪಾಠಕ್ಕೆ, ಮೂರು ಪುಸ್ತಕ ಹರಡಿಕೊಂಡು ಮೂರರಿಂದಲೂ ಸೇರಿಸಿ ನೋಟ್ಸ್ ಬರೆಯುತ್ತಿದ್ದೆ. ಬೆಳಿಗ್ಗೆ ಶವ ಕೊಯ್ದು ಕಲಿಯುವ ಡಿಸೆಕ್ಷನ್ ಹಾಲ್‌ನಲ್ಲಿ ಒಂದು ಮೇಜಿಗೆ ಹತ್ತು ಜನ. ನಾನು ಹಿಂದೆ, ಗೋಡೆ ಹತ್ತಿರ. ಶವ ಕೆಡದಂತೆ ಹಾಕುವ ಫಾರ್ಮಲಿನ್‌ಗೆ ಕಣ್ಣುರಿ ಅಂತ ಎಲ್ಲರಿಗೂ ಹೇಳುತ್ತಿದ್ದೆ. ಕಣ್ಣುರಿ ನಿಜ, ಆದರೆ ಕಾರಣ ಅದಲ್ಲ. ಕೈ ಹಾಕಿದರೆ ಸರ್ ಏನಾದರೂ ಕೇಳುತ್ತಾರೆ. ಒಂಬತ್ತು ಜನರ ಮುಂದೆ ತಪ್ಪು ಹೇಳಿದರೆ? ಪಿಯುಸಿ ಎರಡು ವರ್ಷ ಉತ್ತರ ಗೊತ್ತಿದ್ದ ಹುಡುಗ ಅಂದರೆ ನಾನೇ ಆಗಿದ್ದೆ. ರೂಮಿನಲ್ಲಿ ಪೂರ್ತಿ ಓದಿ ಮುಗಿಸಿ ಆಮೇಲೆ ಕೈ ಹಾಕುತ್ತೇನೆ ಅಂದುಕೊಂಡೆ. ಆ 'ಆಮೇಲೆ' ಬರಲೇ ಇಲ್ಲ.

ಈ ತಪ್ಪನ್ನು ಬಿಡಿಸಿ ಹೇಳಲೇಬೇಕು. ಯಾಕಂದರೆ ಮಾಡುವಾಗ ಅದು ತಪ್ಪು ಅಂತ ಅನಿಸುವುದೇ ಇಲ್ಲ, ಕಷ್ಟಪಟ್ಟು ಓದುತ್ತಿದ್ದೇನೆ ಅನಿಸುತ್ತದೆ. ಬ್ರೇಕಿಯಲ್ ಪ್ಲೆಕ್ಸಸ್ ಅಂತ ಒಂದಿದೆ. ಕತ್ತಿನಿಂದ ಇಳಿದು ಕೈಗೆ ಹೋಗುವ ನರಗಳ ಜಾಲ. 5 ಬೇರು, 3 ಕಾಂಡ, 6 ಕವಲು, 3 ಹುರಿ. ಅದರ ಚಿತ್ರವನ್ನು ನಾನು ಕಣ್ಣು ಮುಚ್ಚಿ ಬರೆಯುತ್ತಿದ್ದೆ. ಪುಸ್ತಕದಲ್ಲಿ ಆರ್ಟರಿ ಕೆಂಪು, ವೇಯ್ನ್ ನೀಲಿ, ನರ ಹಳದಿ. ನನ್ನ ನೋಟ್ಸ್‌ನಲ್ಲೂ ಅದೇ ಬಣ್ಣ. ಮೇಜಿನ ಮೇಲಿನ ದೇಹದಲ್ಲಿ ಬಣ್ಣ ಇರುವುದಿಲ್ಲ. ಎಲ್ಲವೂ ಮಾಸಲು ಕಂದು, ನಡುವೆ ಕೊಬ್ಬು. ಯಾವುದು ನರ, ಯಾವುದು ಖಾಲಿಯಾದ ರಕ್ತನಾಳ ಅಂತ ಬೆರಳಲ್ಲಿ ಹಿಡಿದು ನೋಡಿದರೇ ಗೊತ್ತಾಗುವುದು. ವರ್ಷದ ಕೊನೆಯ ಪ್ರಾಕ್ಟಿಕಲ್‌ನಲ್ಲಿ ಎಕ್ಸಾಮಿನರ್ ಒಂದು ನರ ಎತ್ತಿ ಹಿಡಿದು 'ಇದು ಯಾವುದು?' ಅಂದರು. ಚಿತ್ರದಲ್ಲಿ ಅದು ಎಷ್ಟನೇ ಸಾಲಿನಲ್ಲಿದೆ ಅಂತ ನೆನಪಿತ್ತು. ಕಣ್ಣೆದುರು ಇದ್ದದ್ದು ಯಾವುದು ಅಂತ ಗೊತ್ತಾಗಲಿಲ್ಲ. ಸುಮ್ನೆ ನಿಂತೆ. ಅವರು ಎರಡು ಸಲ ಕೇಳಿ ಮುಂದಿನ ಮೇಜಿಗೆ ಹೋದರು.

ಥಿಯರಿ ಪಾಸಾಗಿತ್ತು. ಆದರೆ ಥಿಯರಿಯಲ್ಲಿ ಬೇರೆ 50, ಪ್ರಾಕ್ಟಿಕಲ್‌ನಲ್ಲಿ ಬೇರೆ 50 ಪರ್ಸೆಂಟ್ ಬರಬೇಕಿತ್ತು. ಒಂದರಲ್ಲಿ ಹೋದರೆ ಇಡೀ ಸಬ್ಜೆಕ್ಟ್ ಹೋದಂತೆ. ಆರು ತಿಂಗಳು ಹಿಂದೆ ಬಿದ್ದೆ. ಆಡ್ ಬ್ಯಾಚ್ ಅಂತಾರಲ್ಲ, ಅದು. ಮನೆಯಲ್ಲಿ ಎರಡು ತಿಂಗಳು ಹೇಳಲಿಲ್ಲ. ಅಮ್ಮ ಫೋನ್ ಮಾಡಿ 'ಊಟ ಆಯ್ತಾ' ಅಂದರೂ ಗಂಟಲು ಕಟ್ಟುತ್ತಿತ್ತು.

ನಮ್ಮ ಮೇಜಿನಲ್ಲೇ ಒಬ್ಬಳಿದ್ದಳು. ನಮ್ಮಲ್ಲಿ ಎಲ್ಲರಿಗಿಂತ ಹಿಂದಿನ ರ‍್ಯಾಂಕ್ ಅವಳದ್ದು. ಮೊದಲ ದಿನದಿಂದಲೂ ಫೋರ್ಸೆಪ್ಸ್ (ಚಿಮಟ) ಅವಳ ಕೈಯಲ್ಲೇ. ತಪ್ಪು ಉತ್ತರ ಹೇಳುವಳು, ಬೈಸಿಕೊಳ್ಳುವಳು, ಮರುದಿನ ಮತ್ತೆ ಹೇಳುವಳು. ಹಾಲ್ ಅಟೆಂಡರ್ ಅಣ್ಣನ ಹತ್ತಿರವೂ ಕೇಳುತ್ತಿದ್ದಳು. ಆ ಅಣ್ಣನಿಗೆ ನಮ್ಮ ಎಷ್ಟೋ ಪಿಜಿ (ಸ್ನಾತಕೋತ್ತರ) ವಿದ್ಯಾರ್ಥಿಗಳಿಗಿಂತ ಜಾಸ್ತಿ ಗೊತ್ತಿತ್ತು. ನಾನು ಫೇಲಾದ ಮೇಲೆ ಅವಳೇ ಒಂದು ಸಂಜೆ ಕರೆದುಕೊಂಡು ಹೋಗಿ ತೋರಿಸಿದಳು: 'ತೋಳಿನಲ್ಲಿ ಕೊರಾಕೋಬ್ರೇಕಿಯಾಲಿಸ್ ಅನ್ನುವ ಸ್ನಾಯುವನ್ನು ತೂರಿಕೊಂಡು ಹೋಗುತ್ತಲ್ಲ, ಅದು ಮಸ್ಕ್ಯುಲೋಕ್ಯುಟೇನಿಯಸ್ ನರ. ಮೊದಲು ಅದನ್ನು ಹಿಡಿ. ಅಲ್ಲಿಂದ ಎಂ ಅಕ್ಷರದ ಆಕಾರ ಹುಡುಕು. ನಡುವಿನ ಕಾಲು ಮೀಡಿಯನ್, ಆ ಕಡೆಯದ್ದು ಅಲ್ನರ್.' ಮೂರು ನಿಮಿಷ ಹಿಡಿಯಿತು. ನನ್ನ ನೋಟ್ಸ್‌ನಲ್ಲಿ ಇದೇ ವಿಷಯ ಆರು ಪುಟ ಇತ್ತು.

ಹಾಗಾಗಿ ಎಂಥವರು ಮಿಂಚುತ್ತಾರೆ ಅನ್ನುವ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಬರುವವರೆಲ್ಲ ಅವರವರ ಊರಿನ ಟಾಪರ್‌ಗಳೇ. ಮಣಿಪಾಲದಲ್ಲಿ 1953ರಲ್ಲಿ, ಮಂಗಳೂರಿನಲ್ಲಿ 1955ರಲ್ಲಿ ಶುರುವಾದ ಕಾಲೇಜುಗಳು ಈ ಎರಡು ಕೆಎಂಸಿಗಳು. ನಿಮ್ಮಂಥ ಟಾಪರ್‌ಗಳನ್ನು ಎಷ್ಟು ನೋಡಿರಬಹುದು ಯೋಚಿಸಿ. ಒಳಗೆ ಬಂದ ಮೇಲೆ ಯಾರೂ ನೀಟ್ ಅಂಕ ಕೇಳುವುದಿಲ್ಲ. 'ಗೊತ್ತಿಲ್ಲ ಸರ್, ತೋರಿಸಿ' ಅಂತ ಮೊದಲ ತಿಂಗಳಲ್ಲೇ ಹೇಳಿದವರು ಮುಂದೆ ಬಂದದ್ದನ್ನು ನೋಡಿದ್ದೇನೆ. ಮೂರನೇ ವರ್ಷ ಹೇಳಲು ಹೊರಟವರಿಗೆ ನಾಲಿಗೆ ಏಳುವುದಿಲ್ಲ.

ಸಿಂಗಲ್ ರೂಮ್ ತಗೊಳ್ಳಬೇಡಿ. ದುಡ್ಡಿದ್ದರೂ ಬೇಡ. ಮಾತಾಡುವ ರೂಮ್‌ಮೇಟ್ ಇರಲಿ, ರಾತ್ರಿ ಒಬ್ಬರಿಗೊಬ್ಬರು ಬಾಯಲ್ಲಿ ಹೇಳಿ ಒಪ್ಪಿಸಿ. ಓದಲು ಬೇಕಾದ ಮೂಳೆಗಳ ಬೋನ್ ಸೆಟ್ ಸೀನಿಯರ್ ಹತ್ತಿರ ತಗೊಳ್ಳಿ, ಆ ನೆಪದಲ್ಲಾದರೂ ಪರಿಚಯ ಆಗುತ್ತದೆ. ಹಾಜರಿ ಥಿಯರಿಗೆ 75, ಪ್ರಾಕ್ಟಿಕಲ್‌ಗೆ 80 ಪರ್ಸೆಂಟ್ ಬೇಕು. ಅದು ಗೋಡೆ ಹತ್ತಿರ ನಿಂತರೂ ಬರುತ್ತದೆ, ಅದನ್ನು ನಂಬಿ ಕೂರಬೇಡಿ.

ಇನ್ನೊಂದು, ಮಾತು ಕಮ್ಮಿ ಅಂದಿರಿ. 2019ರ ಹೊಸ ಪಠ್ಯಕ್ರಮ ಬಂದ ಮೇಲೆ ಮೊದಲ ವರ್ಷದಿಂದಲೇ ರೋಗಿಗಳ ಹತ್ತಿರ ಕರೆದೊಯ್ಯುತ್ತಾರೆ. ನಿಮ್ಮ ಕಾಲೇಜಿನವರು ವೆನ್ಲಾಕ್‌ನಲ್ಲೂ ಕಲಿಯುತ್ತಾರೆ. 1848ರ ಸರ್ಕಾರಿ ಆಸ್ಪತ್ರೆ, ಬರುವವರು ಹೆಚ್ಚಿನವರು ಬಡವರು. ತುಳು, ಬ್ಯಾರಿ, ಕೊಂಕಣಿ, ಕಾಸರಗೋಡಿನ ಮಲಯಾಳ ಎಲ್ಲ ಒಂದೇ ವಾರ್ಡ್‌ನಲ್ಲಿ ಕೇಳುತ್ತದೆ. ಮಳೆಗಾಲದಲ್ಲಿ ಮಲೇರಿಯಾ, ಡೆಂಗಿ, ಇಲಿ ಜ್ವರ. ಜ್ವರ ಎಂದಿನಿಂದ, ಗದ್ದೆಗೆ ಇಳಿದಿದ್ದಿರಾ, ಕಾಲಲ್ಲಿ ಗಾಯ ಇತ್ತಾ ಅಂತ ಕೇಳದೆ ಇಲಿ ಜ್ವರದ ಸಂಶಯವೇ ನಿಮಗೆ ಬರುವುದಿಲ್ಲ. ಹೀಗೆ ಕೇಳಲು ಅವರ ಭಾಷೆ ಬೇಕು.

ಬರುವ ಮೊದಲೇ ತುಳುವಿನ ಎರಡು ವಾಕ್ಯ ಬಾಯಿಪಾಠ ಮಾಡಿ. 'ಓಲು ಬೇನೆ?' ಅಂದರೆ ಎಲ್ಲಿ ನೋವು. 'ಏತ್ ದಿನ ಆಂಡ್?' ಅಂದರೆ ಎಷ್ಟು ದಿನ ಆಯ್ತು. ಉತ್ತರ ಅರ್ಥ ಆಗದಿದ್ದರೆ ಹೆದರಬೇಡಿ, ಪಕ್ಕದ ಬೆಡ್‌ನ ಅಜ್ಜಿ ಕನ್ನಡದಲ್ಲಿ ಹೇಳಿಕೊಡುತ್ತಾರೆ. ನನಗೂ ಹಾಗೇ ಹೇಳಿಕೊಟ್ಟದ್ದು.