ಅಳಿಯ ಚೆಲ್ಲಿದ ಚರಗ

ಇಂಡಿ ತಾಲ್ಲೂಕಿನ ಓದುಗರೊಬ್ಬರ ಪತ್ರ, ಸಂಕ್ಷಿಪ್ತವಾಗಿ:

“ದೀಪಾವಳಿ ವಿಶೇಷಾಂಕದ ನಗೆಬರಹ ಓದಿದೆ. ‘ಅನುಭವ’ ಅಂತ ಹಾಕಿದ್ದರಲ್ಲೂ ಕೊನೆಗೆ ಯಾರೋ ಒಬ್ಬರು ಜಾರಿ ಬೀಳುತ್ತಾರೆ. ಎಲ್ಲರ ಮನೆಯಲ್ಲೂ ಹೀಗೇ ಆಗುತ್ತದೆಯೇ? ನಮ್ಮಲ್ಲಿ ನಿಜವಾಗಿ ನಡೆದದ್ದು ಬೇರೆ. ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಹೋದಾಗ ಅವ್ವ ತಂಗಿಯ ಗಂಡನಿಗೆ ‘ಚರಗ ಚೆಲ್ಲಿ ಬರ್ರಿ’ ಎಂದಳು. ಚರಗ ಅಂದರೆ ಭೂಮಿತಾಯಿಗೆ ಅಂತ ಹೊಲದ ತುಂಬ ಚೆಲ್ಲುವ ಎಡೆ. ಬೆಂಗಳೂರಿನ ಹೊಸ ಅಳಿಯ. ಚರಗದ ಬುಟ್ಟಿ ಬಿಟ್ಟು ಊಟದ ಬುಟ್ಟಿ ಹೊತ್ತುಕೊಂಡು ಹೋಗಿ, ಕಡಬು, ಶೇಂಗಾ ಹೋಳಿಗೆ ಎಲ್ಲಾ ಜೋಳದಾಗ ಚೆಲ್ಲಿ ಬಂದರು. ಅವ್ವ ಈಗಿಲ್ಲ. ಆ ಮಾತು ತೆಗೆದರೆ ಅವರ ಮುಖ ಇಂದಿಗೂ ಸಣ್ಣದಾಗುತ್ತದೆ. ಇದನ್ನು ಅನುಭವ ಅಂತ ಬರೆಯಲೋ, ಕತೆ ಮಾಡಲೋ?”

ಅಕ್ಕಾರ, ನಮಸ್ಕಾರ.

ನಿಮ್ಮ ಪತ್ರವನ್ನು ಕಚೇರಿಯಲ್ಲಿ ಜೋರಾಗಿ ಓದಿದೆ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಜಾರಿ ಬೀಳುವುದೆಲ್ಲ ಸುಳ್ಳು ಅಂತ ನಾನು ಹೇಳಲಾರೆ. ಎಣ್ಣೆ ಹಚ್ಚಿಕೊಂಡು ಎರಕೊಳ್ಳುವ ದಿನ ಬಚ್ಚಲಲ್ಲಿ ಕಾಲು ಜಾರುವುದು ಉಂಟು. ಆದರೆ ಜಾರುವುದಕ್ಕೆ ಹಬ್ಬವೇ ಬೇಕಂತಿಲ್ಲ, ಅಲ್ವಾ? ಹಬ್ಬದ ನಗೆ ಅಂದರೆ ಆ ಹಬ್ಬದಲ್ಲಿ ಮಾತ್ರ ಆಗಬಹುದಾದದ್ದು. ನಿಮ್ಮ ಪ್ರಸಂಗ ಅಂಥದು. ಅನ್ನವನ್ನು ಭಕ್ತಿಯಿಂದ ಹೊಲಕ್ಕೆಲ್ಲ ಚೆಲ್ಲಬೇಕಾದ ದಿನ ಅದು. ನಿಮ್ಮ ಅಳಿಯಂದಿರು ಹೇಳಿದ ಕೆಲಸವನ್ನು ಮನಸ್ಸಿಟ್ಟು ಮಾಡಿದರು. ಬುಟ್ಟಿ ಮಾತ್ರ ಬೇರೆಯಾಯಿತು. ಎಲ್ಲರೂ ಈ ದಿನ ಚೆನ್ನಾಗಿ ಆಗಲಿ ಅಂತ ಒದ್ದಾಡುತ್ತಿರುತ್ತಾರೆ, ಅದಕ್ಕೇ ಎಡವಟ್ಟಾಗುತ್ತದೆ. ಇಂಥ ನಗೆಯಲ್ಲಿ ಯಾರೂ ಸಣ್ಣವರಾಗುವುದಿಲ್ಲ. ವಿಶೇಷಾಂಕಕ್ಕೆ ಬರುವ ಬರಹಗಳಲ್ಲಿ ನಾನು ಹುಡುಕುವುದು ಇದನ್ನೇ. ಜಿಪುಣ ಮಾವ, ಜಗಳಗಂಟಿ ಅತ್ತೆಯರೇ ಜಾಸ್ತಿ ಬರುತ್ತಾರೆ.

ಹಬ್ಬಕ್ಕೆ ನಗೆಯನ್ನು ಬರೆಯುವವರು ಹೊರಗಿನಿಂದ ತರಬೇಕಾಗಿಲ್ಲ. ಭಾದ್ರಪದದಲ್ಲಿ ಜೋಕುಮಾರನನ್ನು ಬುಟ್ಟಿಯಲ್ಲಿ ಹೊತ್ತು ತರುತ್ತಾರಲ್ಲ, ತುಟಿಗೆ ಬೆಣ್ಣೆ ಮೆತ್ತಿಸಿಕೊಂಡ ಆ ದೇವರ ಹಾಡು ಕೇಳಿ ಮುದುಕಿಯರೂ ಸೆರಗು ಬಾಯಿಗೆ ಹಿಡಿಯುತ್ತಾರೆ. ಬಾಗಲಕೋಟೆಯ ಹೋಳಿಯಲ್ಲಿ ಸೋಗು ಹಾಕಿ ಬಂಡಿ ಏರುತ್ತಾರೆ. ಗಂಡನ ಹೆಸರನ್ನು ಪ್ರಾಸ ಕಟ್ಟಿ ಒಡಪಿನಲ್ಲಿ ಹೇಳು ಅಂತ ಹೊಸ ಸೊಸೆಯನ್ನು ನಿಲ್ಲಿಸಿ ಕಾಡುವುದು ನಿಮಗೆ ಗೊತ್ತೇ ಇದೆ.

ದೀಪಾವಳಿ ವಿಶೇಷಾಂಕಕ್ಕೆ ಮರಾಠಿಯಲ್ಲಿ 1909ರಷ್ಟು ಹಳೆಯ ನಂಟಿದೆ. ‘ಮನೋರಂಜನ’ ಪತ್ರಿಕೆ ಆ ವರ್ಷ ಅಂಥ ಅಂಕ ತಂದಿತು. ಬೆಳಗಾವಿ ಕಡೆಯ ಎಷ್ಟೋ ಮನೆಗಳಲ್ಲಿ ಮರಾಠಿ ಅಂಕ, ಕನ್ನಡ ಅಂಕ ಎರಡೂ ಬರುತ್ತವೆ. ಒಬ್ಬರು ಓದುತ್ತಾರೆ, ಉಳಿದವರು ಕಣಕ ನಾದುತ್ತಲೋ ಉಂಡಿ ಕಟ್ಟುತ್ತಲೋ ಕೇಳುತ್ತಾರೆ. ಬರಹದಲ್ಲಿ ಬರುವ ಮನುಷ್ಯ ಅದೇ ಪಡಸಾಲೆಯಲ್ಲಿ ಕೂತಿರಬಹುದು. ‘ಅನುಭವ’ ಬರೆಯುವವರು ಈ ಮಾತು ಮರೆಯಬಾರದು ಅನ್ನುತ್ತೇನೆ. ಆ ಮನುಷ್ಯನ ಎದುರಿಗೇ ಓದಲು ಆಗದ ಸಾಲನ್ನು ಹೊಡೆದುಹಾಕಿ.

ಈಗ ನಿಮ್ಮ ಪ್ರಶ್ನೆ. ಮೊದಲು ಅಳಿಯಂದಿರನ್ನು ಕೇಳಿ. ಹೂಂ ಅಂದರೆ ಅನುಭವ ಅಂತಲೇ ಬರೆಯಿರಿ. ಆದರೆ ಒಂದು ದೊಡ್ಡ ಸಂಗತಿಯನ್ನು ನೀವು ಪತ್ರದಲ್ಲಿ ಬಿಟ್ಟಿದ್ದೀರಿ. ಬರಿದಾದ ಬುಟ್ಟಿ ನೋಡಿ ಅವ್ವ ಏನಂದರು? ನಿಮ್ಮ ಬರಹದ ಜೀವ ಅಲ್ಲಿದೆ. ಮಾತು ನೆನಪಿದ್ದರೆ ಅವರ ಬಾಯಲ್ಲಿ ಬಂದಂತೆಯೇ ಹಾಕಿ, ತಿದ್ದಬೇಡಿ. ನೆನಪಿಲ್ಲದಿದ್ದರೆ ಕಟ್ಟಬೇಡಿ. ಬುಟ್ಟಿ ಡಬ್ಬು ಹಾಕಿ ಅದರ ಮೇಲೆ ಕೂತರೋ, ಸುಮ್ನೆ ಬನ್ನಿಗಿಡದ ಕೆಳಗೆ ಪಾಂಡವರು ಅಂತ ಪೂಜಿಸಿದ ಐದು ಕಲ್ಲುಗಳ ಕಡೆ ಮುಖ ತಿರುಗಿಸಿದರೋ, ಕಂಡದ್ದಷ್ಟನ್ನೇ ಬರೆಯಿರಿ. ಸಾಕು.

ಅಳಿಯಂದಿರು ಬೇಡ ಅಂದರೆ ಕತೆ ಮಾಡಿ. ಬರೀ ಹೆಸರು ಬದಲಿಸಿದರೆ ನಿಮ್ಮೂರಿಗೆ ಗೊತ್ತಾಗಿಬಿಡುತ್ತದೆ. ಸಂಬಂಧವನ್ನೇ ಬದಲಿಸಿ. ಆಮೇಲೆ ಅನುಭವದಲ್ಲಿ ನಿಮಗಿಲ್ಲದ ಸ್ವಾತಂತ್ರ್ಯ ಕತೆಯಲ್ಲಿ ಸಿಗುತ್ತದೆ. ಚೆಲ್ಲುವವನ ತಲೆಯೊಳಗೇ ಹೋಗಬಹುದು. ಎದೆಮಟ್ಟದ ಜೋಳದ ಸಾಲಿನಲ್ಲಿ ಅವನು ನಡೆಯುತ್ತಿದ್ದಾನೆ. ಒಂದು ಹೋಳಿಗೆ ಎಸೆಯುತ್ತಾನೆ. ಇನ್ನೊಂದು. ಅರಿವೆಯಲ್ಲಿ ಸುತ್ತಿದ ಸಜ್ಜೆ ರೊಟ್ಟಿಯ ಗಂಟು ಬಿಚ್ಚುತ್ತಾನೆ. ‘ಭೂಮಿತಾಯಿಗೆ ಇಷ್ಟೊಂದು ಕೊಡುತ್ತಾರಾ ಈ ಜನ!’ ಅಂತ ಅವನ ಕಣ್ಣು ತುಂಬುತ್ತದೆ. ಓದುವವರು ನಗುತ್ತಾರೆ, ಅವನ ಮೇಲೆ ಪ್ರೀತಿಯೂ ಹುಟ್ಟುತ್ತದೆ. ಇದನ್ನು ಅಳಿಯಂದಿರಿಗೂ ಓದಿ ತೋರಿಸಬಹುದು ಅಂತ ನನ್ನ ನಂಬಿಕೆ.

ಯಾವುದೇ ಬರೆದರೂ ಎರಡು ಪುಟ ಮೀರದಿರಲಿ. ಈ ತಿಂಗಳೊಳಗೆ ಕಳಿಸಿದರೆ ಎಳ್ಳ ಅಮಾವಾಸ್ಯೆಯ ಸಂಚಿಕೆಗೆ ಸೇರಿಸುತ್ತೇನೆ. ಹಾಂ, ಆ ದಿನ ನೀವೆಲ್ಲ ಊಟ ಏನು ಮಾಡಿದಿರಿ? ಪಕ್ಕದ ಹೊಲದವರು ಕರೆಯದೆ ಬಿಟ್ಟಿರಲಾರರು. ಯಾರ ಬುತ್ತಿ ಉಂಡಿರಿ, ಅದರಲ್ಲಿ ಏನೇನಿತ್ತು, ಅದನ್ನೂ ಬರೆಯಿರಿ.

— ಸಂಪಾದಕ